ಆ ಹೆಸರಿನವರು ಇಲ್ಲದ ಊರು

ಅಮೆರಿಕದಲ್ಲಿ, ನ್ಯೂಯಾರ್ಕಿನ ಎದುರು ದಡದ ಹೋಬೋಕನ್ನಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿ ಅದರ ಮಾಲೀಕರೇ ಇದ್ದರು. ಹಡಗುಕಟ್ಟೆಯಲ್ಲಿ ದುಡಿದು ನಿವೃತ್ತರಾದ ಇಟಾಲಿಯನ್ ಮನುಷ್ಯ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ನಾನು ಮತ್ತು ನನ್ನ ಗಂಡ ನಮ್ಮೊಳಗೆ ಅವರನ್ನು ಅಜ್ಜ ಎನ್ನುತ್ತಿದ್ದೆವು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಜ್ಜ ಹಿತ್ತಲಲ್ಲಿ ಬೆಳೆದ ಉದ್ದನೆಯ ಹಸಿಮೆಣಸಿನಕಾಯಿಯನ್ನು ನಮ್ಮ ಬಾಗಿಲ ಮುಂದೆ ಇಟ್ಟು ಹೋಗುವರು. ನಾನು ಭಜಿ ಮಾಡಿ ಕೊಟ್ಟುಬರುವೆ.

ಅವರ ಮನೆತನದ ಹೆಸರು ದಕ್ಷಿಣ ಇಟಲಿಯ ಬೆಟ್ಟದ ಮೇಲಿನ ಒಂದು ಊರಿನ ಹೆಸರೇ. ಆ ಊರನ್ನು ಅವರು ನೋಡಿರಲಿಲ್ಲ. ಹುಟ್ಟಿದ್ದು ಇಲ್ಲಿ, ಅಪ್ಪ ಹಡಗು ಹತ್ತಿದ್ದು ನೇಪಲ್ಸಿನಲ್ಲಿ. "ನಾವು ಆ ಊರಿನವರು" ಎಂದು ಅಪ್ಪ ಹೇಳುತ್ತಿದ್ದರಂತೆ, ಅಷ್ಟೇ.

ಆ ಚಳಿಗಾಲ ಡಾಕ್ಟರು ಅಜ್ಜನ ಹೃದಯ ಸೋತಿದೆ ಎಂದರು. ಅಂದಿನಿಂದ ತನ್ನವರು ಯಾರೂ ಇಲ್ಲದೆ ಸಾಯುವ ಭಯ ಅವರನ್ನು ಹಿಡಿಯಿತು. ನಾನು ತಟ್ಟೆ ಕೊಟ್ಟು ಹೊರಟರೆ ಬಾಗಿಲು ಹಿಡಿದುಕೊಂಡು ಏನಾದರೂ ಮಾತು ತೆಗೆಯುತ್ತಿದ್ದರು.

ನನ್ನ ಗಂಡ ಧಾರವಾಡದ ಕಡೆಯವರು. ನಮ್ಮ ಮನೆತನಕ್ಕೂ ಒಂದು ಹಳ್ಳಿಯದೇ ಹೆಸರು. ಒಂದು ಭಾನುವಾರ ಅವರು ಅಜ್ಜನಿಗೆ ಹೇಳಿದರು: "ನಮ್ಮ ಹೆಸರಿನ ಊರಿಗೆ ಹೋದ್ರೆ ಸಾಕು, ಯಾರ ಮಗ ಅಂತ ಕೇಳ್ತಾರೆ, ಊಟಕ್ಕೆ ಕೂಡಿಸ್ತಾರೆ. ನಿಮ್ಮವರೂ ಅಲ್ಲಿ ಇದ್ದೇ ಇರ್ತಾರೆ."

"ಖಂಡಿತ ಇರ್ತಾರಾ, ಪ್ರೊಫೆಸರ್?"

ಕನ್ನಡಕ ಹಾಕುವ ನನ್ನ ಎಂಜಿನಿಯರ್ ಗಂಡನನ್ನು ಹಾಗೆ ಕರೆದು ಛೇಡಿಸುವುದು ಅಜ್ಜನ ವಾಡಿಕೆ. ಅಂದು ಛೇಡಿಸುವ ಧ್ವನಿ ಇರಲಿಲ್ಲ.

ಮೇಲೆ ಬಂದ ಮೇಲೆ ನಾನು ಕೇಳಿದೆ: "ಅಲ್ರೀ, ನೀವರ ನಿಮ್ಮ ಹೆಸರಿನ ಊರು ಯಾವಾಗ ನೋಡೀರಿ?"

"ನೋಡಬೇಕಂತೇನದ? ಊರು ಎಲ್ಲಿ ಓಡಿ ಹೋಗ್ತದ?"

ವಸಂತದಲ್ಲಿ ಅಜ್ಜ ಮನೆ ಮಾರಿದರು, ನಾವು ಮೇಲಿನ ಅಂತಸ್ತಿನಲ್ಲೇ ಉಳಿದೆವು. ಬೇಕರಿಯ ಮುಂದೆ ಕೂರುವ ಗೆಳೆಯರು "ಮಹಾರಾಜರು ರಾಜಧಾನಿಗೆ ಹೊರಟರು" ಎಂದು ನಕ್ಕರು. ಅಜ್ಜನೂ ನಕ್ಕರು. ಅಲ್ಲಿ ಒಂದು ಕೋಣೆ ಹಿಡಿಯುತ್ತೇನೆ, ಕಣ್ಣು ಮುಚ್ಚುವಾಗ ನನ್ನ ಹೆಸರಿನವರೊಬ್ಬರು ಪಕ್ಕದಲ್ಲಿದ್ದರೆ ಸಾಕು ಎಂದು ನನಗೆ ಹೇಳಿ ಹೋದರು.

ಚಳಿ ಬೀಳುವ ಮೊದಲೇ ಹಿಂದಿರುಗಿದರು. ಕೆಳಗಿನ ಅಂತಸ್ತಿನಲ್ಲಿ ಆಗಲೇ ಬೇರೆ ಸಂಸಾರವಿತ್ತು. ನಮ್ಮ ಅಡುಗೆಮನೆಯಲ್ಲಿ ಕೋಟು ಬಿಚ್ಚದೆ ಕುಳಿತರು.

"ಪಾದ್ರಿಗೆ ಹೆಸರು ಹೇಳಿದೆ. 'ಅದು ಊರಿನ ಹೆಸರಾಯ್ತು, ನಿನ್ನ ಹೆಸರೇನು?' ಅಂದ."

ಊರಿನಲ್ಲಿ ಆ ಹೆಸರಿನವರು ಒಬ್ಬರೂ ಇರಲಿಲ್ಲ. ಅಜ್ಜ ಸ್ಮಶಾನದ ಕಲ್ಲುಗಳನ್ನೆಲ್ಲ ಓದಿದರು. ಅಲ್ಲಿಯೂ ಇಲ್ಲ. ಪಾದ್ರಿ ತಿಳಿಸಿ ಹೇಳಿದನಂತೆ: ಇಲ್ಲಿರುವವನನ್ನು ಈ ಊರಿನವನು ಎಂದು ಇಲ್ಲಿ ಯಾರು ಕರೆಯುತ್ತಾರೆ? ಎಲ್ಲರೂ ಈ ಊರಿನವರೇ. ಬಿಟ್ಟುಹೋದವನಿಗೆ, ಹೋದ ಕಡೆಯ ಜನ ಇಡುವ ಹೆಸರು ಅದು. ನೇಪಲ್ಸಿನಲ್ಲಿ ನೋಡು, ಕರಾವಳಿಯ ಪಟ್ಟಣಗಳಲ್ಲಿ ನೋಡು, ಬೇಕಾದಷ್ಟು ಜನ ಸಿಗುತ್ತಾರೆ.

"ನೇಪಲ್ಸಿಗೆ ಹೋದಿರಾ?" ನನ್ನ ಗಂಡ ಆಸೆಯಿಂದಲೇ ಕೇಳಿದರು.

"ಹೋದೆ. ಟೈರ್ ಅಂಗಡಿಯ ಬೋರ್ಡಿನಲ್ಲಿ ನನ್ನ ಹೆಸರು. ಅಂಗಡಿಯವನು ಕುರ್ಚಿ ಕೊಟ್ಟ, ನೀರು ಕೊಟ್ಟ. ಆಮೇಲೆ ಹೇಳಿದ, ಯಾವ್ಯಾವ ಕಾಲದಲ್ಲೋ ಯಾರ್ಯಾರೋ ಬೆಟ್ಟ ಇಳಿದು ಬಂದರು, ಬಂದವರಿಗೆಲ್ಲ ಒಂದೇ ಹೆಸರು ಬಿತ್ತು. ಅದರಿಂದ ನೀನು ನನಗೆ ಅಣ್ಣ ಆಗ್ತೀಯಾ? ಅಂತ."

ನನ್ನ ಗಂಡ ಎದ್ದು ಕಿಟಕಿಯ ಬಳಿ ನಿಂತರು. ನದಿ ದಡದ ಕಾಫಿ ಕಾರ್ಖಾನೆಯ ಹುರಿದ ವಾಸನೆ ಒಳಗೆ ಬರುತ್ತಿತ್ತು.

"ಇಲ್ಲೇ ಇರಿ," ಎಂದೆ ನಾನು. ಅಜ್ಜ ಒಪ್ಪಲಿಲ್ಲ. ನದಿಯ ಕಡೆ ಒಂದು ಕೋಣೆ ಹಿಡಿದರು. ಭಾನುವಾರ ಊಟಕ್ಕೆ ಬರುತ್ತಿದ್ದರು, ಮಾತು ಕಡಿಮೆಯಾಗಿತ್ತು. ಒಂದು ಭಾನುವಾರ ಬರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದಾರೆಂದು ಕೋಣೆಯ ಯಜಮಾನಿ ಹೇಳಿದಳು.

ನಾವಿಬ್ಬರೂ ಓಡಿದೆವು. ವಾರ್ಡಿನ ಬಾಗಿಲಲ್ಲಿ ನರ್ಸ್ ತಡೆದಳು. ಈ ಹೊತ್ತಿನಲ್ಲಿ ರಕ್ತಸಂಬಂಧಿಗಳಿಗೆ ಮಾತ್ರ ಅವಕಾಶ ಎಂದಳು. ದನಿ ಒರಟಾಗಿರಲಿಲ್ಲ. ಅವರ ಮನೆಯಲ್ಲಿ ಬಾಡಿಗೆಗಿದ್ದವರು ಎಂದೆವು. "ಹೆಸರು ಒಂದೇನಾ?" ಎಂದು ಕೇಳಿದಳು. ನನ್ನ ಗಂಡ ಅಲ್ಲ ಎಂದರು.

ಹೊರಗಿನ ಬೆಂಚಿನ ಮೇಲೆ ಕೂತೆವು. ಒಳಗೆ ಅಜ್ಜ ಒಬ್ಬರೇ ಇದ್ದರು. ಸ್ವಲ್ಪ ಹೊತ್ತಿನ ಮೇಲೆ ಅದೇ ನರ್ಸ್ ಬಂದು, ಅವರು ತೀರಿಕೊಂಡರು, ಈಗ ನೀವು ಒಳಗೆ ಹೋಗಬಹುದು ಎಂದಳು.