ಹಿಡಿದ ಬ್ರೇಕು, ಹಬ್ಬದ ಎಣ್ಣೆ

ದಸರಾ ಮುಗಿದ ಮೇಲೆ ನಮ್ಮ ಹಳೆಯ ಕಾರು ಹಟಕ್ಕೆ ಬಿತ್ತು. ದೊಡವಾಡಕ್ಕೆ ಹೋಗಿ ಬೈಲಹೊಂಗಲಕ್ಕೆ ಮರಳುವಾಗ ಎಕ್ಸಿಲರೇಟರ್ ಒತ್ತಿದರೆ ನರಳುತ್ತ ಹೊರಡುತ್ತಿತ್ತು, ಕಾಲು ತೆಗೆದರೆ ಅಲ್ಲೇ ನಿಲ್ಲುತ್ತಿತ್ತು. ಮನೆಯ ಮುಂದೆ ಇಳಿದು ಮುಂದಿನ ಗಾಲಿ ಮುಟ್ಟಿದೆ, ಕೈ ಸುಟ್ಟಿತು. ಬ್ರೇಕು ಒಮ್ಮೆ ಹಿಡಿದದ್ದು ಬಿಡುತ್ತಲೇ ಇರಲಿಲ್ಲ. ಅರ್ಧ ತಾಸು ಆರಿದ ಮೇಲೆ ತಾನಾಗಿಯೇ ಬಿಟ್ಟುಕೊಟ್ಟಿತು. ಹಿಡಿಯುವುದೂ ಅದರ ಮರ್ಜಿ, ಬಿಡುವುದೂ ಅದರ ಮರ್ಜಿ.

ಬೇರೆ ದಿನಗಳಲ್ಲಾಗಿದ್ದರೆ ಗ್ಯಾರೇಜಿಗೆ ಬಿಟ್ಟು ಸುಮ್ಮನಾಗುತ್ತಿದ್ದೆ. ಆದರೆ ಹಬ್ಬಕ್ಕೆಂದು ಊರಿಗೆ ಹೋದ ಮಿಸ್ತ್ರಿಗಳು ಇನ್ನೂ ಬಂದಿರಲಿಲ್ಲ. ಆ ರವಿವಾರವೇ ರಾಮದುರ್ಗದಿಂದ ಬಸುರಿ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ದಿನ ನೋಡಿ ಬೀಗರಿಗೆ ಹೇಳಿಯೂ ಆಗಿತ್ತು.

"ಇಂಥಾ ಗಾಡ್ಯಾಗ ನನ್ನ ಮಗಳನ್ನ ಕುಂಡ್ರಸಾಕ ನಾ ಬಿಡೂದಿಲ್ಲ. ಖಾತ್ರಿ ಆದ್ರ ಹೇಳ್ರಿ, ಇಲ್ಲಂದ್ರ ಬ್ಯಾರೆ ಗಾಡಿ ಮಾಡ್ರಿ" ಎಂದಳು ಹೆಂಡತಿ.

ಬೇರೆ ಗಾಡಿ ಮಾಡುವುದೆಂದರೆ ನನಗೆ ಮೂಗು ಕೊಯ್ದಂತೆ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವವನು ನಾನು. ದ್ರವದ ಒತ್ತಡದ ಪಾಠ ಹೇಳುವಾಗ ಪ್ರತಿ ವರ್ಷ ಬ್ರೇಕಿನದೇ ಉದಾಹರಣೆ ಕೊಡುತ್ತೇನೆ.

ಒಂದು ಸುತ್ತು ಓಡಿಸಿ ತಂದು, ಬ್ರೇಕು ಹಿಡಿದಿರುವಾಗಲೇ ಅಂಗಳದಲ್ಲಿ ಜ್ಯಾಕ್ ಹಚ್ಚಿದೆ. ಮುಂದಿನ ಗಾಲಿ ಕೈಯಿಂದ ತಿರುವಿದರೆ ಕದಲಲಿಲ್ಲ. ಗಾಲಿ ಬಿಚ್ಚಿ, ಬ್ರೇಕಿನ ಇಕ್ಕಳ ಹಿಂದೆ ಮುಂದೆ ಸರಿಯುವ ಪಿನ್ನುಗಳನ್ನು ತೆಗೆದು, ಉಜ್ಜಿ, ಗ್ರೀಸ್ ಸವರಿದೆ. ಸವೆದ ಪ್ಯಾಡು ಬದಲಿಸಿದೆ. ಕಾರು ಪೇಟೆಯವರೆಗೆ ಸಂಭಾವಿತನಂತೆ ನಡೆದು, ಬಸ್ ಸ್ಟ್ಯಾಂಡಿನ ಮುಂದೆ ಮತ್ತೆ ಹಿಡಿಯಿತು. ಹಿಂದೆ ನಿಂತ ಟಂಟಂ ರಿಕ್ಷಾದ ಡ್ರೈವರ್ ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ. ಮಾಡಿದ್ದೆಲ್ಲ ನೀರಲ್ಲಿ ಹೋಮ.

ಮರುದಿನ ಮತ್ತೆ ಓಡಿಸಿ, ಬ್ರೇಕು ಹಿಡಿದ ಕೂಡಲೇ ಗಾಲಿ ಎತ್ತಿ, ಅದರ ಹತ್ತಿರ ಬ್ರೇಕ್ ಎಣ್ಣೆ ಹೊರಬಿಡುವ ಸಣ್ಣ ನಿಪ್ಪಲ್ಲನ್ನು ತುಸು ಸಡಿಲಿಸಿದೆ. ಎಣ್ಣೆ ಪಿಚಕ್ಕನೆ ಹಾರಿತು, ಗಾಲಿ ತಿರುಗಿತು. ಅಂದರೆ ತಪ್ಪು ಗಾಲಿಯಲ್ಲಿಲ್ಲ. ಪೆಡಲ್ ಬಿಟ್ಟ ಮೇಲೂ ಮೇಲಿಂದ ಒತ್ತಡ ಇಳಿಯುತ್ತಿಲ್ಲ. ಬಾನೆಟ್ ಎತ್ತಿ ಬ್ರೇಕ್ ಎಣ್ಣೆಯ ಡಬ್ಬಿಯ ಮುಚ್ಚಳ ತಿರುವಿದೆ. ಅದರೊಳಗಿನ ತೆಳು ರಬ್ಬರು ಕಾದ ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿ ಹೊರಗೆ ಬಂತು. ಮತ್ತೆ ಒಳಗೆ ತುರುಕಿದರೆ ಕೂಡಲೊಲ್ಲದು. ಮೂಸಿ ನೋಡಿದೆ, ಅದು ಬ್ರೇಕ್ ಎಣ್ಣೆಯ ವಾಸನೆಯಲ್ಲ. ನಮ್ಮ ಟ್ರ್ಯಾಕ್ಟರಿನ ವಾಸನೆ.

ಕಟ್ಟೆಯ ಮೇಲೆ ಅಪ್ಪ ಅಡಕೊತ್ತಿನಿಂದ ಅಡಿಕೆ ಕತ್ತರಿಸುತ್ತ ಕುಳಿತಿದ್ದ.

"ಅಪ್ಪಾ, ಇದರಾಗ ಏನರ ಹಾಕೀಯೇನು?"

"ಹೂಂ, ಖಂಡೇಪೂಜಿ ದಿವಸ ಹಾಕೇನಿ. ಗೆರಿಗಿಂತ ಕೆಳಗ ಇಳದಿತ್ತು. ಟ್ರ್ಯಾಕ್ಟರಿನ ಡಬ್ಬ್ಯಾಗ ಒಂದೀಟು ಉಳದಿತ್ತು, ಸುರದೆ."

"ಟ್ರ್ಯಾಕ್ಟರಿಂದು ಕಾರಿಗೆ ಯಾಕ ಸುರದಿ?"

"ಟ್ರ್ಯಾಕ್ಟರಿನ ಬ್ರೇಕ್ ಎಣ್ಣ್ಯಾಗ ಮುಳಗೇ ಇರತಾವು. ಅವಕ್ಕೇನಾಗೇತಿ?"

ನಮ್ಮ ಮನೆಯಲ್ಲಿ ಖಂಡೇಪೂಜೆಯ ದಿನ, ಅಂದರೆ ಆಯುಧಪೂಜೆಯಂದು, ಅಪ್ಪ ಪ್ರತಿಯೊಂದು ಸಾಮಾನಿಗೂ ಎಣ್ಣೆ ಮುಟ್ಟಿಸುತ್ತಾನೆ. ಕುಡುಗೋಲು, ಹೊಲಿಗೆ ಯಂತ್ರ, ಪಂಪ್‌ಸೆಟ್ಟು, ಬಾಗಿಲ ತಿರುಗಣಿ, ಆ ಅಡಕೊತ್ತು ಕೂಡ. ವರ್ಷವಿಡೀ ದುಡಿಯುವುದು ಯಾವುದೂ ಅವತ್ತು ಉಪವಾಸ ಇರಬಾರದು ಎಂಬುದು ಅವನ ಕಾನೂನು. ಪ್ಯಾಡು ಸವೆದದ್ದಕ್ಕೆ ಎಣ್ಣೆ ಗೆರೆಯ ಕೆಳಗೆ ಇಳಿದಿತ್ತು, ಇವನು ಹಸಿವೆಯೆಂದು ತಿಳಿದು ಉಣಿಸಿದ. ಟ್ರ್ಯಾಕ್ಟರಿನ ಎಣ್ಣೆ ಕುಡಿದು ಕಾರಿನ ಬ್ರೇಕಿನೊಳಗಿನ ರಬ್ಬರುಗಳೆಲ್ಲ ಉಬ್ಬಿ, ಎಣ್ಣೆ ಹಿಂದೆ ಬರುವ ದಾರಿಯನ್ನೇ ಮುಚ್ಚಿದ್ದವು. ಮೈ ಉರಿದುಹೋಯಿತು. ದೊಡ್ಡ ದನಿಯಲ್ಲಿ ಇದನ್ನೆಲ್ಲ ಹೇಳಿದೆ. ಅಪ್ಪ ಅಡಿಕೆ ಬಾಯಿಗೆ ಹಾಕಿಕೊಂಡು ಎದ್ದು ಒಳಗೆ ಹೋದ.

ಧಾರವಾಡದಿಂದ ಸಾಮಾನು ತರಿಸಿದೆ. ಪೆಡಲ್ ಒತ್ತಿದಾಗ ಎಣ್ಣೆ ನೂಕುವ ದೊಡ್ಡ ಸಿಲಿಂಡರು, ರಬ್ಬರು ಪೈಪು, ಗಾಲಿಗಳ ಹತ್ತಿರದ ರಬ್ಬರ್ ವಾಶರು, ಎಲ್ಲ ಹೊಸವಾದವು. ಕಡೆಗೆ ಎಣ್ಣೆಯ ಪೈಪಿನಲ್ಲಿ ಸೇರಿದ ಗಾಳಿ ತೆಗೆಯಲು ಎರಡು ಆಳು ಬೇಕು, ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಗಾಲಿಯ ಹತ್ತಿರ ನಿಪ್ಪಲ್ ಬಿಚ್ಚಬೇಕು. ಕರೆಯದಿದ್ದರೂ ಅಪ್ಪ ಧೋತರ ಮೇಲೆತ್ತಿ ಡ್ರೈವರ್ ಸೀಟಿನಲ್ಲಿ ಬಂದು ಕುಳಿತ.

"ಒತ್ತು. ಹಿಡಿ. ನಾ ಹೇಳೂತನಕ ಬಿಡಬ್ಯಾಡ."

"ಬಿಟ್ಟಿಲ್ಲ ತಗೋ."

ಮೂರು ದಿನಗಳಲ್ಲಿ ನಾವು ಆಡಿದ ಮಾತು ಅಷ್ಟೇ.

ರವಿವಾರ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ನಿಂತು, "ಖಾತ್ರಿ ಐತೇನ್ರಿ?" ಎಂದಳು. ನಾನು ಬಾನೆಟ್ ಎತ್ತಿ ಡಬ್ಬಿಯ ಎಣ್ಣೆಯನ್ನು ಇನ್ನೊಮ್ಮೆ ಮೂಸಿದೆ. ಪೈಪಿನ ಯಾವುದೋ ಮೂಲೆಯಲ್ಲಿ ಆ ಎಣ್ಣೆ ಉಳಿದಿದ್ದರೆ? ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು.

ಅಷ್ಟರಲ್ಲಿ ಅಪ್ಪ ರುಮಾಲು ಸುತ್ತಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕುಳಿತೇಬಿಟ್ಟ.

"ಮೊದಲ ನವಿಲುತೀರ್ಥದ ಇಳುಕಲಿಗೆ ನಡಿ. ಅಲ್ಲಿ ನಿಂತ್ರ ರಾಮದುರ್ಗಕ್ಕ ಹೋಗೂಣು. ನಿಲ್ಲಲಿಲ್ಲಂದ್ರ ನಾವಿಬ್ರ ಮ್ಯಾಲ ಹೋಗೂಣು, ಮೊಮ್ಮಗಳು ಅರಾಮ ಇರತಾಳ."

ಹೆಂಡತಿ ಸೆರಗು ಬಾಯಿಗೆ ಹಿಡಿದಳು. ಹೊರಟೆವು.

ಇಳುಕಲಿನಲ್ಲಿ ಕಾಲು ಇಟ್ಟೆ, ನಿಂತಿತು. ಬಿಟ್ಟೆ, ಉರುಳಿತು. ಅಪ್ಪ ತಿರುಗಿ ಮೇಲೆ ಹೋಗಿ ಇನ್ನೊಮ್ಮೆ ಇಳಿಸಲು ಹೇಳಿದ. ಮತ್ತೊಮ್ಮೆ ಹೇಳಿದ. ನನಗೆ ಸಾಕಾಗಿ ಹೋಯಿತು. ಕೆಳಗೆ ಬದಿಗೆ ನಿಲ್ಲಿಸಿದಾಗ ಅವನು ಇಳಿದು, ಕಾರು ಸುತ್ತಿ, ಒಂದೊಂದೇ ಗಾಲಿಯ ಮೇಲೆ ಅಂಗೈ ಇಟ್ಟು ನೋಡಿದ, ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ. ಕಡೆಯ ಗಾಲಿಯ ಹತ್ತಿರ ಕುಕ್ಕರಗಾಲಲ್ಲಿ ಕುಳಿತವನು ಬೇಗ ಏಳಲಿಲ್ಲ.

"ಅಕಿ ಇದರಾಗ ಬರಾಕಿ ಅದಾಳಂತನ ಹಾಕಿದ್ದೆ" ಎಂದ, ಗಾಲಿಗೇ ಹೇಳಿದಂತೆ. "ಅಕೀನ ತರೂ ಗಾಡಿ ಹಬ್ಬದ ದಿವಸ ಹಸಕೊಂಡಿರಬಾರದಂತ."

ಇಷ್ಟು ದಿನ ಕಾಯ್ದಿಟ್ಟ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಜೇಬಿನಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಖಾತ್ರಿ ಆತೇನ್ರಿ?"

ನಾನು ಫೋನನ್ನು ಅಪ್ಪನ ಕೈಗೆ ಕೊಟ್ಟೆ. ಅವನು ಒಮ್ಮೆ ನನ್ನ ಮುಖ ನೋಡಿ, ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, ಅದನ್ನು ಕಿವಿಗೆ ಹಿಡಿದ.

"ಆತವಾ. ತಣ್ಣಗ ಅದಾವು. ಕರಕೊಂಡ ಬರತೇವಿ."