ಸಾಲಗುಂದದ ಮನೆಯಲ್ಲಿ ಈಗ ಯಾರಿದ್ದಾರೆ?

ಕೋವಿಡ್ ಮುಗಿದ ಮರುವರ್ಷ ನಾನು ಸಿಂಧನೂರಿನ ಕುಟುಂಬ ಸಲಹಾ ಕೇಂದ್ರವೊಂದರಲ್ಲಿ ಕೌನ್ಸೆಲರ್ ಆಗಿದ್ದೆ. ಮಸ್ಕಿಯಿಂದ ಸ್ಟಾಫ್ ನರ್ಸ್ ಒಬ್ಬಳು ಬಂದಳು. ಹೆಸರು ಬದಲಿಸಿ ರೇಣುಕಾ ಎನ್ನುತ್ತೇನೆ. ಗಂಡ ಮಲ್ಲೇಶ ಲಿಂಗಸುಗೂರಿನಲ್ಲಿ ಗುಮಾಸ್ತ. ಬೇರೊಬ್ಬ ಹೆಂಗಸಿನ ಜೊತೆ ಅವನಿಗಿದ್ದ ಸಂಬಂಧ ಅವಳಿಗೆ ಅವನ ಫೋನಿನಿಂದ ಗೊತ್ತಾಗಿತ್ತು. ಹಾಗಾಗಿದ್ದು ಅದೇ ಮೊದಲಲ್ಲ.

"ನಾ ಹತ್ರ ಹೋದ್ರ ಮೈ ಬಿಗಿ ಹಿಡೀತಾನ್ರೀ. ಹೊರಗ ಹೆಂಗ ನಡೀತೈತಿ?" ಎಂದಳು.

ಮಲ್ಲೇಶನನ್ನು ಬೇರೆಯಾಗಿ ಕರೆಸಿದೆ. ಮೊದಲ ಕೆಲವು ಭೇಟಿಗಳಲ್ಲಿ ಆಫೀಸಿನ ಮಾತಷ್ಟೇ ಆಡಿದ. ಕೊನೆಗೊಂದು ದಿನ ಬಾಯಿಬಿಟ್ಟ. ಚಿಕ್ಕವನಿದ್ದಾಗ ಓದಲೆಂದು ಸಾಲಗುಂದದ ಸೋದರಮಾವನ ಮನೆಯಲ್ಲಿ ಬಿಟ್ಟಿದ್ದರಂತೆ. ಆ ಮಾವ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಮಾಡಿದ್ದ.

"ನಮ್ಮವರು ಅನ್ನೋರು ಹತ್ರ ಬಂದ್ರ ಅಂಜಿಕಿ ಆಗ್ತೈತ್ರೀ. ಹೊರಗಿನವರ ಹತ್ರ ಆಗಂಗಿಲ್ಲ."

ನನಗೆ ಅನುಮಾನ ಬಂತು. ಸಿಕ್ಕಿಬಿದ್ದವರು ಕಥೆ ಕಟ್ಟುವುದನ್ನು ಬೇಕಾದಷ್ಟು ಕೇಳಿದ್ದೆ. ಆದರೆ ಟ್ರಾಮಾ, ಅಂದರೆ ಮನಸ್ಸಿಗೆ ಬಿದ್ದ ಆಳವಾದ ಪೆಟ್ಟು, ಕೆಲವರಲ್ಲಿ ಹೀಗೂ ಕೆಲಸ ಮಾಡುತ್ತದೆ. ಎಳವೆಯಲ್ಲಿ ನಂಬಿದವರೇ ಕೈಯಿಟ್ಟರೆ, ದೊಡ್ಡವರಾದ ಮೇಲೆ ಆಪ್ತತೆಯೇ ಅಪಾಯವೆನಿಸಬಹುದು. ಹಾಗೆಂದು ಎಲ್ಲರೂ ದಾರಿ ತಪ್ಪುವುದಿಲ್ಲ.

ಅವನ ಒಪ್ಪಿಗೆ ಪಡೆದು ಇಬ್ಬರನ್ನೂ ಕೂರಿಸಿದೆ. ಅವನೇ ಹೇಳಿದ.

"ಇದು ನೆಪ ಅಲ್ಲಂತ ಹೆಂಗ ನಂಬ್ಲಿ?" ಎಂದಳು ರೇಣುಕಾ.

"ನಂಬಬ್ಯಾಡ. ನಾ ಮಾಡಿದ್ದು ನನ್ನ ತಪ್ಪು. ಅದನ್ನ ಮಾವನ ಮ್ಯಾಲ ಹಾಕಂಗಿಲ್ಲ."

 ರೇಣುಕಾ ಕೇಳಿದಳು: "ಆ ಮನ್ಯಾಗ ಈಗ ಯಾರದಾರ?"

"ಮುಕ್ಕುಂದದಾಗಿರೋ ನನ್ನ ತಂಗಿ ಮಗಳು. ಸಾಲಿಗಂತ ಬಿಟ್ಟಾರ."

"ಗೊತ್ತಿದ್ದೂ ಸುಮ್ಮನ ಕುಂತಿದ್ದೇನು?"

 "ಏಳು, ಗಾಡಿ ತಗಿ," ಎಂದು ಅವಳೇ ಮೊದಲು ಎದ್ದಳು. ಅಂದು ಮಧ್ಯಾಹ್ನವೇ ಮುಕ್ಕುಂದಕ್ಕೆ ಹೋದರು. ತನಗಾದದ್ದನ್ನು ಮಲ್ಲೇಶ ತಂಗಿಯ ಮುಂದೆ ಹೇಳಲೇಬೇಕಾಯಿತು. ಸಂಜೆಯೊಳಗೆ ಸಾಲಗುಂದದಿಂದ ಹುಡುಗಿಯನ್ನು ಕರೆತಂದರು. ನಾನು ಮಕ್ಕಳ ರಕ್ಷಣಾ ಘಟಕಕ್ಕೆ ತಿಳಿಸಿದೆ. ಹುಡುಗಿ ಹೇಳಿದ ಮಾತುಗಳ ಮೇಲೆ ಮಾವನ ವಿರುದ್ಧ ಪೋಕ್ಸೊ ಪ್ರಕರಣ ದಾಖಲಾಯಿತು.

ಮಲ್ಲೇಶ ಆ ಸಂಬಂಧ ಬಿಟ್ಟ, ಮನೋವೈದ್ಯರ ಬಳಿ ಹೋಗತೊಡಗಿದ. ರೇಣುಕಾ ಅವನನ್ನು ಬಹಳ ದಿನ ಮನೆಗೆ ಸೇರಿಸಲಿಲ್ಲ. ಸೇರಿಸಿದ ಮೇಲೆ ಒಮ್ಮೆ ಮಸ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕಳು.

"ಅನುಮಾನ ಪೂರಾ ಹೋಗಿಲ್ರೀ ಮೇಡಂ. ಫೋನು ಈಗೂ ನೋಡ್ತೀನಿ. ತಾನಾಗೇ ಕೊಡ್ತಾನ."

ಒಬ್ಬರ ತಪ್ಪಿನ ಬೇರು ಹುಡುಕಬೇಕು, ಆದರೆ ಆ ಬೇರು ತೋರಿಸಿ ತಪ್ಪನ್ನು ತೊಳೆಯಬಾರದು. ಇದನ್ನು ನನಗೆ ಈ ಕೆಲಸ ಕಲಿಸಿತು. ಈಗ ಯಾರಾದರೂ ಬಾಲ್ಯದ ಇಂಥ ಗಾಯ ಹೇಳಿಕೊಂಡರೆ, ಮಾತು ಮುಗಿಯುವವರೆಗೆ ಕೇಳುತ್ತೇನೆ. ಆಮೇಲೆ ಕೇಳುವ ಮೊದಲ ಪ್ರಶ್ನೆ: ಆ ಗಾಯ ಮಾಡಿದವನ ಹತ್ತಿರ ಈಗ ಯಾವ ಮಗುವಿದೆ?