ಬಲಗಿವಿಯ ಕೊಳಲು

ಜಗಲಿಯ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಹಾದು ಹೋಗುವವರು ನಗುತ್ತಾರೆ. ನಗಲಿ. ಇದನ್ನು ತೆಗೆದಿಡುವ ಮಾತೇ ಇಲ್ಲ. ಹೆಂಡತಿಗೆ ನಾನು ಮಾಡಿದ ಅನ್ಯಾಯವನ್ನು ನನಗೆ ತೋರಿಸಿಕೊಟ್ಟದ್ದು ಇದೇ.

ನಾದಿನಿಯ ಮನೆ ಹೆಮ್ಮಿಗೆಯಲ್ಲಿ. ನಂಜನಗೂಡಿನಲ್ಲಿ ಬಸ್ಸು ಹತ್ತಿ, ಟಿ. ನರಸೀಪುರದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು. ದಾರಿ ಸವೆಯಲೆಂದು ಫೋನಿನಲ್ಲಿ ತತ್ವಪದ ಹಾಕುತ್ತಿದ್ದೆ. ಇದ್ದದ್ದು ಒಂದೇ ಇಯರ್‌ಫೋನ್. ಕಿಟಕಿ ಪಕ್ಕದಲ್ಲಿ ಅವಳು, ಅವಳ ಬಲಕ್ಕೆ ನಾನು. ಎಡಗಡೆಯ ತುದಿ ಅವಳ ಕಿವಿಗೆ, ಬಲಗಡೆಯದು ನನ್ನ ಬಲಗಿವಿಗೆ.

"ಏನ್ ಕೊಳ್ಲು ಊದ್ತಾನೆ ನೋಡೇ," ಅಂದೆ ಒಂದು ಸಲ.

"ಯಾವ ಕೊಳ್ಲು? ತಾಳ ಬಡೀತಾವ್ರೆ ಕಣ್ರೀ. ತಂಬೂರಿ ಅದೆ."

"ಕೊಳ್ಲು ಕೇಳ್ತಿಲ್ವಾ ನಿಂಗೆ?"

"ಇದ್ರೆ ತಾನೆ ಕೇಳಾದು."

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ ನಕ್ಕಳು. ಸುತ್ತೂರು ದಾಟುವಷ್ಟರಲ್ಲಿ ನಾನು ತೀರ್ಮಾನ ಮಾಡಿಬಿಟ್ಟಿದ್ದೆ, ಇವಳ ಕಿವಿ ಹೋಗಿದೆ ಎಂದು. ಮನೆಯಲ್ಲಿ ಮಾತಿಗೊಮ್ಮೆ "ಆಂ?" ಎನ್ನುವ ಅಭ್ಯಾಸ ಇಬ್ಬರಿಗೂ ಇತ್ತು. ಅವಳ "ಆಂ" ಮಾತ್ರ ನನ್ನ ನೆನಪಿನಲ್ಲಿ ಉಳಿದಿತ್ತು.

ಹೆಮ್ಮಿಗೆಯಲ್ಲಿ ಅದನ್ನೇ ತಮಾಷೆ ಮಾಡಿದೆ. ಊಟಕ್ಕೆ ಕೂತವರೆಲ್ಲ ನಕ್ಕರು. ಅಂದಿನಿಂದ ನಾದಿನಿ ಅಕ್ಕನ ಹತ್ತಿರ ಕೂಗಿ ಮಾತಾಡತೊಡಗಿದಳು. ನನ್ನ ಹೆಂಡತಿ ಆ ಬಂಧುಬಳಗದಲ್ಲಿ ಸೋಬಾನೆಗೆ ಹೆಸರಾದವಳು. ಮದುವೆಯ ಶಾಸ್ತ್ರಗಳಲ್ಲಿ ಮೊದಲು ಅವಳು ಸೊಲ್ಲೆತ್ತಬೇಕು, ಮಿಕ್ಕ ಹೆಂಗಸರು ಹಿಂದೆ ಹಾಡಬೇಕು, ಅದು ರೂಢಿ. ನನ್ನ ತಮಾಷೆಯಾದ ಮೇಲೆ ಬಂದ ಮೊದಲ ಮದುವೆಯಲ್ಲೇ ನಾದಿನಿಯ ವಾರಗಿತ್ತಿಯನ್ನು ಮುಂದೆ ಕೂರಿಸಿದರು. "ಅಕ್ಕಂಗೆ ಕಿವಿ ಮಂದ, ಪಾಪ, ದನಿ ಎತ್ತತ್ಲಾಗೋ ಓಯ್ತದೆ" ಅಂದರಂತೆ. ಇವಳು ಹಿಂದೆ ಕೂತು ಚಪ್ಪಾಳೆ ತಟ್ಟಿ ಬಂದಳು.

ಆಮೇಲೆ ಮನೆಯಲ್ಲೂ ಹಾಡುವುದನ್ನು ಬಿಟ್ಟಳು. ಅಕ್ಕಿ ಕೇರುವಾಗ, ಬಾಗಿಲು ಸಾರಿಸುವಾಗ ತಾನಾಗಿ ಬರುತ್ತಿದ್ದ ಹಾಡು ನಿಂತೇ ಹೋಯಿತು. ಕೇಳಿದರೆ, "ನಂಗೇನ್ ಕೇಳ್ತದೆ, ಬುಡಿ" ಎನ್ನುತ್ತಿದ್ದಳು. ಊರು ನಂಬಿದ್ದಿರಲಿ, ನನ್ನ ಮಾತನ್ನು ಅವಳೇ ನಂಬಿಬಿಟ್ಟಿದ್ದಳು. ನಾನು ಹೊತ್ತಿರುವ ಪಾಪ ಅದು.

ಟಿ. ನರಸೀಪುರದಲ್ಲಿ ಕೆಲಸಕ್ಕಿರುವ ಮಗಳು ಒಂದು ಭಾನುವಾರ ಬಂದಾಗ ತನ್ನ ಹಳೆಯ ಹೆಡ್‌ಫೋನನ್ನು ನನಗೆ ಕೊಟ್ಟಳು. ಎರಡೂ ಕಿವಿಗೆ ಒಟ್ಟಿಗೆ ಹಾಕಿಕೊಂಡು ಕೇಳಿದ್ದು ಅದೇ ಮೊದಲು. ಅದೇ ತತ್ವಪದ. ಆದರೆ ಹಾಡು ಕಿವಿಯೊಳಗೆ ಇರಲಿಲ್ಲ, ಎದುರಿಗೆ ಹರಡಿಕೊಂಡಿತ್ತು. ನಡುವೆ ಹಾಡುವವನು. ಅವನ ಬೆನ್ನ ಹಿಂದೆ, ಗೋಡೆಗೆ ಒರಗಿದಂತೆ, ಸೊಲ್ಲು ಹಿಡಿಯುವ ನಾಲ್ಕಾರು ಜನ. ಬಲತುದಿಯಲ್ಲಿ ಕೊಳಲು. ಎಡಗಡೆ ಮಾತ್ರ ಯಾಕೋ ಖಾಲಿ ಖಾಲಿ.

"ಯಾರ್ ಎಲ್ಲಿ ಕೂತವ್ರೆ ಅಂತ ಗೊತ್ತಾಯ್ತದಲ್ಲವ್ವಾ!" ಅಂದೆ.

"ಅದ್ನೇ ಸೌಂಡ್‌ಸ್ಟೇಜ್ ಅನ್ನಾದು ಅಪ್ಪ. ಎರಡ್ ಕಿವಿಗೂ ಬೇರೆ ಬೇರೆ ಸದ್ದು ಕಳುಸ್ತಾರೆ. ಎರಡೂ ಸೇರುದ್ರೇನೇ ಜಾಗ ಗೊತ್ತಾಗಾದು. ಒಂದೇ ಕಿವೀಲಿ ಕೇಳುದ್ರೆ ಅರ್ಧ ಮೇಳ ಬಿಟ್ಟಂಗೆ."

ಬಸ್ಸಿನಲ್ಲಿ ಕೊಳಲು ನನ್ನ ತುದಿಯಲ್ಲಿ ಇತ್ತು. ಅವಳ ತುದಿಯಲ್ಲಿ ಇರಲೇ ಇಲ್ಲ.

ಆದರೂ ಸೋಲೊಪ್ಪಲು ಮನಸ್ಸು ಬರಲಿಲ್ಲ. ಹೆಡ್‌ಫೋನನ್ನು ತಿರುಗಿಸಿ, ಬಲದ್ದನ್ನು ಎಡಗಿವಿಗೆ ಇಟ್ಟುಕೊಂಡೆ. ಕೊಳಲು ಎಡಕ್ಕೆ ಬರಬೇಕಿತ್ತು. ಬರಲಿಲ್ಲ. ಯಾವುದೋ ದೂರದ ಗದ್ದೆಯಲ್ಲಿ ಯಾರೋ ಊದಿದಂತೆ ಒಂದು ಎಳೆ, ಅಷ್ಟೇ. ಮತ್ತೆ ನೇರ ಮಾಡಿದೆ, ಕೊಳಲು ಬಂತು. ತಿರುಗಿಸಿದೆ, ಹೋಯಿತು.

ಒಳಗಿದ್ದ ಹೆಂಡತಿಯನ್ನು ಕರೆದು ಅವಳ ತಲೆಗೆ ಹಾಕಿದೆ. ಕಣ್ಣು ಮುಚ್ಚಿದಳು. ಬಲಗೈ ಎತ್ತಿ, "ಇಗಾ, ಈ ಕಡೆ ಕೊಳ್ಲು" ಅಂದಳು. ತಿರುಗಿಸಿ ಹಾಕಿದೆ. ಎಡಗೈ ಎತ್ತಿದಳು. "ಈಗ ಇತ್ತಗ್ ಬಂತು."

ಮಗಳು ನನ್ನ ಮುಖ ನೋಡಿದಳು. ಕಿವಿ ಹೋಗಿದ್ದದ್ದು ನನ್ನದು.

ಎಲ್ಲವನ್ನೂ ಅಲ್ಲೇ ಹೇಳಿದೆ. ಹೆಂಡತಿ ಹೆಡ್‌ಫೋನ್ ತೆಗೆದು ನನ್ನ ಕೈಗಿಟ್ಟಳು. "ನಂಗ್ಯಾಕ್ ಯೋಳೀರಿ? ಹೆಮ್ಮಿಗೇಲಿ ಯೋಳುದ್ರಲ್ಲ, ಅಲ್ಲೇ ಓಗಿ ಯೋಳಿ."

ನಾದಿನಿಯ ಮಗಳ ಮದುವೆ ಹತ್ತಿರದಲ್ಲೇ ಇತ್ತು. ಫೋನಿನಲ್ಲಿ ಹೇಳಿದರೆ ಸಾಲದೇ ಎಂದು ಮಗಳು ಕೇಳಿದಳು. ಸಾಲದು. ತಮಾಷೆಯನ್ನು ಎದುರು ಕೂತು ಮಾಡಿದ್ದೆ.

ಅರಿಸಿನ ಹಚ್ಚುವ ದಿನ ಹೆಂಡತಿಯ ಜೊತೆ ಹೆಮ್ಮಿಗೆಗೆ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡೇ ಹೋದೆ. ಚಪ್ಪರದ ಬಾಗಿಲಲ್ಲೇ ಷಡ್ಡಕ ಸಿಕ್ಕಿದ. "ಏನಣ್ಣ, ಐಕಳಂಗೆ ಕತ್ಗೆ ಪಟ್ಟಿ ಕಟ್ಕಂಡ್ ಬಂದಿದ್ದೀರಿ?"

"ಕಟ್ಕಂಡೇ ಬಂದಿವ್ನಿ. ಎಲ್ರೂ ಕೇಳುಸ್ಕಳಿ. ಕಿವುಡ ನಾನು. ಅವ್ಳ ಕಿವಿ ನೆಟ್ಟಗದೆ. ಇಲ್ದಿರೋ ಮಾತ್ ಹಬ್ಬಿಸ್ದೋನು ನಾನೇ."

ಹಾಡಲು ಕೂತಿದ್ದ ಹೆಂಗಸರೆಲ್ಲ ಇತ್ತ ತಿರುಗಿದರು. "ಇದ್ನೆಲ್ಲ ಸುಭದ ದಿನ ಯಾಕ್ ಭಾವ?" ಎಂದು ನಾದಿನಿ ಪಿಸುಗುಟ್ಟಿದಳು.

"ಗಟ್ಟಿಯಾಗ್ ಯೋಳವ್ವ. ಎಡಗಿವಿ ಕೇಳಲ್ಲ," ಅಂದೆ.

ಮೊದಲು ನಕ್ಕವಳು ಮುಂದೆ ಕೂತಿದ್ದ ಆ ವಾರಗಿತ್ತಿ. ಅವಳೇ ಎದ್ದು ಜಾಗ ಬಿಟ್ಟಳು. "ಬಾ ಅಕ್ಕ, ನೀನೇ ಎತ್ತು. ನಂಗೂ ಗಂಟ್ಲು ಕಟ್ಕಂಡದೆ."

ನನ್ನ ಹೆಂಡತಿ ಕೂಡಲೇ ಎತ್ತಲಿಲ್ಲ. ಸೆರಗು ಸರಿಮಾಡಿಕೊಂಡು ಕೂತಳು. ನನ್ನ ಕಡೆ ನೋಡಿ, ತನ್ನ ಎಡಕ್ಕೆ ಚಾಪೆ ತಟ್ಟಿದಳು. "ಬನ್ನಿ ಇಲ್ಲಿ. ಬಲಗಿವಿ ನನ್ ಕಡೀಕಿರ್ಲಿ."

ಹೆಂಗಸರ ನಡುವೆ ಹೋಗಿ ಕೂತೆ. ಹಾಡು ಎದ್ದಿತು. ಗಂಡಸರು ಕೂರುವ ಜಾಗವಲ್ಲ ಅದು ಎಂದು ಹಿರಿಯರೊಬ್ಬರು ಬಂದು ಹೇಳಿದರು. ಅವರು ನಿಂತಿದ್ದದ್ದು ನನ್ನ ಎಡಗಡೆ. ಆದರೂ ಮಾತು ಪೂರ್ತಿ ಕೇಳಿಸಿತು.

ನಾನು ಏಳಲಿಲ್ಲ.